ಮೊದಲು ಅಂದಪ್ಪ, ಆಮೇಲೆ ವಧು-ವರ

“ಫೋನ್ ತಗೀರಿ. ‘ಗದಗ ಲಗ್ನಪತ್ರಿಕೆ’ ಅಂತ ಹುಡುಕ್ರಿ. ಮೊದ್ಲ ನಾ ಬರ್ತೀನಿ, ಆಮ್ಯಾಲೆ ವಧು-ವರ ಬರ್ತಾರ!”

ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನ ಅಂದಪ್ಪ ಈ ಮಾತನ್ನು ಗಿರಾಕಿಗಳಿಗೆ ಹೇಳುತ್ತಿದ್ದ, ಗಿರಾಕಿಗಳ ಜೊತೆ ಬಂದವರಿಗೆ ಹೇಳುತ್ತಿದ್ದ, ಬಸ್‌ಸ್ಟ್ಯಾಂಡಿನ ದಾರಿ ಕೇಳಲು ನಿಂತವರನ್ನೂ ಕೂಡಿಸಿಕೊಂಡು ಹೇಳುತ್ತಿದ್ದ. ಎದುರಿನ ಚಹಾದಂಗಡಿಯ ಗಿಳಿ ‘ಚಾ ಬೇಕೇನು’ ಅನ್ನುವ ತನ್ನ ಉದ್ಯೋಗ ಬಿಟ್ಟು ‘ಮೊದ್ಲ ನಾ, ಮೊದ್ಲ ನಾ’ ಅನ್ನಲು ಕಲಿತು ಎರಡು ವರ್ಷವಾಗಿತ್ತು.

ಪ್ರೆಸ್ಸಿನ ಪ್ರೂಫ್ ತಿದ್ದಲು ದಿನಾ ಬರುತ್ತಿದ್ದ ಗೆಳೆಯ ಗುರುರಾಜ, ನಿವೃತ್ತ ಕನ್ನಡ ಮಾಸ್ತರ, ಪ್ರತಿ ಸಲವೂ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕೇಳುತ್ತಿದ್ದ: “ಹೆಸರಿನ ಕ್ರಮ ತಪ್ಪ್ಯದ ಅಂದಪ್ಪಾ. ಲಗ್ನದಾಗ ವಧು-ವರ ಮೊದ್ಲ ಇರಬೇಕು. ತಿದ್ದಲೇನು?”

“ಏನೂ ತಿದ್ದಬ್ಯಾಡ. ಇದು ಫೈನಲ್ ಪ್ರೂಫ್!”

ಅಂದಪ್ಪ ಹುಟ್ಟಿದ್ದು ಅಸುಂಡಿಯಲ್ಲಿ. ಏಳನೇ ಇಯತ್ತೆ ಮುಗಿಸಿ ಬೆಟಗೇರಿಯ ಒಂದು ಛಾಪಖಾನೆಗೆ ಮೊಳೆ ಜೋಡಿಸಲು ಬಂದ. ಮೊಳೆ ಎಂದರೆ ಸೀಸದ ಅಕ್ಷರ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಅದನ್ನು ಓದಿ ಓದಿ ಅವನ ಕಣ್ಣು ಎಂಥ ಪಳಗಿತ್ತೆಂದರೆ, ಚಹಾದಂಗಡಿಯಲ್ಲಿ ಎದುರಿಗೆ ಕೂತವನ ಪೇಪರನ್ನು ತಲೆಕೆಳಗಾಗಿ ಅವನಿಗಿಂತ ಮೊದಲು ಓದಿ ಮುಗಿಸಿ, “ಮುಂದಿನ ಹಾಳಿ ತಿರುವೋ ಮಾರಾಯಾ” ಎಂದು ಅವಸರ ಮಾಡುತ್ತಿದ್ದ. ಮುಂದೆ ಸ್ವಂತ ಪ್ರೆಸ್ಸು ತೆಗೆದ. ಮೊಳೆಯನ್ನು ಕಾಗದಕ್ಕೆ ಒತ್ತಿ ಅಚ್ಚು ಹಾಕುವ ಒಂದು ಟ್ರೆಡಲ್ ಮಷಿನ್ ತಂದ. ಅದು ಶುರುವಾದರೆ ಆ ಸದ್ದಿಗೆ ಮುಳಗುಂದದ ಎಮ್ಮೆಗಳು ಹಾಲು ಇಳಿಸುತ್ತಿದ್ದವು ಎಂದು ಅಂದಪ್ಪನ ಹೇಳಿಕೆ. ಮುಳಗುಂದದವರು ಇನ್ನೂ ಒಪ್ಪಿಲ್ಲ.

ಬಾಯಿ ಹೀಗಿದ್ದರೂ ಅವನಿಗೆ ಒಂದು ವ್ರತವಿತ್ತು. ಬಾಯಲ್ಲಿ ಏನಾದರೂ ಹೇಳುತ್ತಿದ್ದ. ಅಚ್ಚಿನಲ್ಲಿ ಮಾತ್ರ ಸುಳ್ಳು ಹಾಕುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಮುಂಡರಗಿಯ ಒಬ್ಬ ಸಾವಕಾರ ಮಗನ ಲಗ್ನಪತ್ರಿಕೆ ಹಾಕಿಸಲು ಬಂದ. ಹುಡುಗ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಪುಸ್ತಕ ಕಟ್ಟಿಟ್ಟು ಬಂದವನು. ಅಪ್ಪ ಮಾತ್ರ ಹೆಸರಿನ ಮುಂದೆ ಬಿ.ಇ. ಹಾಕು ಅಂದ.

“ಎರಡು ಅಕ್ಷರ, ಎರಡು ಚುಕ್ಕಿ. ನಿನ್ನ ಗಂಟೇನು ಹೋಗ್ತೈತೋ?”

“ಚುಕ್ಕಿ ಎಷ್ಟು ಬೇಕಷ್ಟು ಹಾಕ್ತೀನ್ರಿ ಸಾವಕಾರ್ರ, ಪುಕ್ಕಟೆ. ಅಕ್ಷರ ಹಾಕಂಗಿಲ್ಲ.”

“ಎಲ್ಲಾರೂ ಹಾಕಸ್ತಾರಲೇ!”

“ಹಂಗಾರ ಎಲ್ಲಾರ ಕಡೆ ಹೋಗ್ರಿ.”

ಸಾವಕಾರ ಹೋದ. ಸಾವಿರದ ಐನೂರು ಕಾರ್ಡಿನ ಕೆಲಸವೂ ಅವನ ಹಿಂದೆಯೇ ಹೋಯಿತು. ಹೆಂಡತಿ ಸಿದ್ದಲಿಂಗವ್ವ ಮೂರು ದಿನ ಮಾತು ಬಿಟ್ಟಳು. ತನ್ನ ಜೀವನದಲ್ಲಿ ಪುರುಸೊತ್ತಾಗಿ ಮಾತಾಡಲು ಸಿಕ್ಕಿದ್ದು ಆ ಮೂರೇ ದಿನ ಎಂದು ಅಂದಪ್ಪ ಇವತ್ತಿಗೂ ನೆನೆಯುತ್ತಾನೆ.

ಆಮೇಲೆ ಕಾಲ ಬದಲಾಯಿತು. ಲಗ್ನದ ಕರೆ ಎಲ್ಲರ ಫೋನಿಗೂ ವಾಟ್ಸ್ಯಾಪಿನಲ್ಲಿ ಬರತೊಡಗಿತು. ಊರಿನ ಉಳಿದ ಪ್ರೆಸ್ಸುಗಳು ದೊಡ್ಡ ದೊಡ್ಡ ಬಣ್ಣದ ಮಷಿನ್ ತಂದವು. ಅಂದಪ್ಪನ ಟ್ರೆಡಲ್ ವಾರಕ್ಕೆ ಒಂದು ದಿನ ಆಡಿದರೆ ಹೆಚ್ಚು. ಅದನ್ನು ಮೊದಲ ದಿನದಿಂದ ಆಡಿಸುತ್ತಿದ್ದವನು ಫಕೀರಸಾಬ. ಆ ಮಷಿನ್ನಿಗೆ ಯಾವ ಕೀಲಿಗೆ ಎಷ್ಟು ಎಣ್ಣೆ ಬೇಕು ಎಂಬುದು ಅವನ ಹೊರತು ದೇವರಿಗೂ ಗೊತ್ತಿರಲಿಲ್ಲ; ಆ ಮಷಿನ್ ಬಿಟ್ಟರೆ ಅವನಿಗೂ ಬೇರೆ ಕೆಲಸ ಗೊತ್ತಿರಲಿಲ್ಲ. “ಇದು ಆಡೋತನಕ ನೀ ಇಲ್ಲೇ, ಫಕೀರಾ” ಎಂದು ಅಂದಪ್ಪ ಯಾವುದೋ ಹುರುಪಿನಲ್ಲಿ ಮಾತು ಕೊಟ್ಟಿದ್ದ. ಮಾತು ಕೊಟ್ಟಾಗ ಮಷಿನ್ ನಿಲ್ಲುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಆಗ ಮನೆಗೆ ಸೊಸೆಯಾಗಿ ಬಂದವಳು ವಾಣಿಶ್ರೀ. ಬಿ.ಸಿ.ಎ. ಓದಿದವಳು. ಅವಳು ಒಂದು ಕಾರ್ಡಿನ ಮೇಲೆ ಬೆರಳಾಡಿಸಿ ನೋಡಿದಳು. ಮೊಳೆಯ ಒತ್ತಿಗೆ ಅಕ್ಷರ ಕಾಗದದೊಳಗೆ ಇಳಿದು ಕೂತಿತ್ತು. ಕಣ್ಣು ಮುಚ್ಚಿದರೂ ಹೆಸರು ಬೆರಳಿಗೆ ತಿಳಿಯುತ್ತಿತ್ತು. “ಮಾವಾರ, ಇಂಥಾದ್ದು ಈಗ ಎಲ್ಲೂ ಸಿಗಂಗಿಲ್ಲ. ಬೇಕನ್ನಾವ್ರು ಅದಾರ. ಅವ್ರಿಗೆ ನೀವು ಇಲ್ಲಿದ್ದೀರಿ ಅಂತ ಗೊತ್ತಿಲ್ಲ ಅಷ್ಟ” ಅಂದಳು. ಒಂದು ವೆಬ್‌ಸೈಟ್ ಮಾಡಿದಳು. ನಾಕು ಫೋಟೋ, ಫಕೀರಸಾಬ ಮಷಿನ್ ಆಡಿಸುವ ಒಂದು ವಿಡಿಯೋ, ಒಕ್ಕಣಿಕೆ ಬರೆಯುವ ಬಗೆಯ ಎರಡು ಬರಹ, ವಿಳಾಸ, ಫೋನ್ ನಂಬರು. ಆರು ತಿಂಗಳಲ್ಲಿ ಪುಣೆಯಿಂದ, ದಾವಣಗೆರೆಯಿಂದ ಕರೆ ಬಂದವು. ವರ್ಷ ತುಂಬುವುದರೊಳಗೆ ಹುಡುಕಿದವರಿಗೆಲ್ಲ ಮೊದಲು ಅಂದಪ್ಪನೇ ಸಿಗತೊಡಗಿದ. ಮಷಿನ್ ದಿನಾ ಆಡಿತು. ಗಿಳಿ ಹೊಸ ಮಾತು ಕಲಿತದ್ದು ಆಗಲೇ.

ಎರಡು ವರ್ಷ ಹೀಗೆ ನಡೆಯಿತು. ಮೂರನೇ ವರ್ಷ ಸೀಗೀ ಹುಣ್ಣಿಮೆಯ ಮರುದಿನ ಶಿರಹಟ್ಟಿಯಿಂದ ಗಂಡ-ಹೆಂಡತಿ ಕಾರ್ಡು ನೋಡಲು ಬಂದರು. ಅಂದಪ್ಪ ಚಹಾ ತರಿಸಿ, ಎದೆಯುಬ್ಬಿಸಿ, “ಫೋನ್ ತಗೀರಿ, ಹುಡುಕ್ರಿ” ಅಂದ. ಆ ಮನುಷ್ಯ ಹುಡುಕಿದ. ಬೆರಳಿನಿಂದ ಮೇಲೆ ಸರಿಸಿದ. ಮತ್ತೆ ಸರಿಸಿದ. ಚಹಾ ಆರಿತು.

“ಎಲ್ಲಿ ಅದೀರಿ?”

“ಮ್ಯಾಲ ನೋಡ್ರಿ, ಮ್ಯಾಲ! ಎಲ್ಲಾರಕಿಂತ ಮ್ಯಾಲ.”

“ಮ್ಯಾಲಿಂದ ಆರನೇ ಪುಟಕ್ಕ ಬಂದೇನ್ರಿ... ಹಾಂ, ಸಿಕ್ರಿ ನೋಡ್ರಿ. ಸೊಲ್ಲಾಪುರದ ಅಡಗಿ ಕಂಟ್ರಾಕ್ಟರ ಕೆಳಗ, ಗಂಡ-ಹೆಂಡ್ತಿಗೆ ಸೋಡಚೀಟಿ ಕೊಡಸೋ ವಕೀಲರ ಮ್ಯಾಲ.”

ಎದುರಂಗಡಿಯಿಂದ ಗಿಳಿ “ಮೊದ್ಲ ನಾ” ಅಂದಿತು.

ಅಂದಪ್ಪ ತನ್ನ ಫೋನು ತೆಗೆದು ನೋಡಿದ. ಅದರಲ್ಲಿ ಮೊದಲು ಅವನೇ ಇದ್ದ. ಹಾಗಾದರೆ ಕೆಟ್ಟಿರುವುದು ಶಿರಹಟ್ಟಿಯವರ ಫೋನು ಎಂದು ತೀರ್ಮಾನಿಸಿದ. ಮರುದಿನ ಗುರುರಾಜನ ಫೋನೂ ಕೆಟ್ಟಿತ್ತು, ಚಹಾದಂಗಡಿಯವನದೂ ಕೆಟ್ಟಿತ್ತು, ಫಕೀರಸಾಬನದೂ ಕೆಟ್ಟಿತ್ತು. ಇಡೀ ಗದಗ ಜಿಲ್ಲೆಯಲ್ಲಿ ಸರಿಯಾಗಿದ್ದದ್ದು ಅವನದೊಂದೇ. ವಾಣಿಶ್ರೀ ನಕ್ಕಳು. “ಮಾವಾರ, ನೀವು ದಿನಾ ಇಪ್ಪತ್ತು ಸಲ ನಿಮ್ಮನ್ನ ನೀವ ಹುಡುಕಿ ಒತ್ತೀರಿ. ಆ ಫೋನಿಗೆ ನಿಮ್ಮ ಮರ್ಜಿ ಗೊತ್ತಾಗೇತಿ. ನಿಮ್ಮ ಮುಖ ನೋಡಿ ಮಾತಾಡ್ತೈತಿ.”

ಬರುವ ಕರೆಗಳು ನಿಂತವು. ಮೊದಲು ದಿನಕ್ಕೆ ಏಳೆಂಟು ಬರುತ್ತಿದ್ದವು. ಈಗ ಬಂದರೆ ಕಂಪನಿಯವರದು, ಸಾಲ ಬೇಕಾ ಎಂದು. ಅವರೊಂದಿಗೂ ಅಂದಪ್ಪ ಹದಿನೈದು ನಿಮಿಷ ಮಾತಾಡಿ, ಮಗಳ ಲಗ್ನ ಆಗೈತೇನು ಎಂದು ವಿಚಾರಿಸುತ್ತಿದ್ದ. ಯಾವನೋ ಕಣ್ಣು ಹಾಕಿದ್ದಾನೆಂದು ಕಂಪ್ಯೂಟರಿನ ಪರದೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ. ಅದರಿಂದ ಪರದೆಯ ಮೂಲೆ ಕಾಣದಂತಾಯಿತೇ ವಿನಾ ಬೇರೇನೂ ಆಗಲಿಲ್ಲ.

ಫಕೀರಸಾಬ ಮಾತ್ರ ದಿನಾ ಒಂಬತ್ತಕ್ಕೆ ಬರುತ್ತಿದ್ದ. ಮಷಿನ್ ಒರೆಸುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಎರಡು ಸುತ್ತು ಸುಮ್ಮನೆ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ. ಆಮೇಲೆ ಸಂಜೆಯವರೆಗೆ ಸ್ಟೂಲಿನ ಮೇಲೆ. ಒಂದು ದಿನ ಗುಜರಿಯವನೊಬ್ಬ ಯಾರೂ ಕರೆಯದೆ ಒಳಗೆ ಬಂದ. ಮಷಿನ್ನಿನ ಮೈಗೆ ಬೆರಳ ಗೆಣ್ಣಿನಿಂದ ತಟ್ಟಿ, “ಎಷ್ಟು ತೂಕ ಆದೀತ್ರಿ?” ಎಂದು ಕೇಳಿದ.

ಅಂದಪ್ಪ ಮಷಿನ್ನಿಗೂ ಅವನಿಗೂ ನಡುವೆ ಬಂದು ನಿಂತ. “ತುಳಸಿ ಲಗ್ನ ಮುಗೀಲಿ, ನೋಡೂಣು” ಅಂದ. ಲಗ್ನದ ಸುಗ್ಗಿ ಶುರುವಾಗುವುದು ತುಳಸಿ ಲಗ್ನದಿಂದ. ಆ ಸುಗ್ಗಿಯಲ್ಲೂ ಕೆಲಸ ಬರದಿದ್ದರೆ ಹೇಳಲು ಮತ್ತೇನೂ ಉಳಿಯುತ್ತಿರಲಿಲ್ಲ. ಗುಜರಿಯವನು ಹೋದ ಮೇಲೆ ಫಕೀರಸಾಬ ಸ್ಟೂಲಿನಿಂದ ಎದ್ದ. ಅರಿವೆ ತೆಗೆದುಕೊಂಡು, ಅವನು ತಟ್ಟಿದ ಜಾಗವನ್ನು ಒರೆಸಿದ. ಅಂದಪ್ಪ ಮುಖ ತಿರುಗಿಸಿ ಗಿಳಿಗೆ ಬೈದ.

ಆ ರವಿವಾರ ವಾಣಿಶ್ರೀ ಲಿಂಬೆಹಣ್ಣು ಬಿಚ್ಚಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಗುರುರಾಜ ಪಕ್ಕದಲ್ಲಿ, ಅಂದಪ್ಪ ಬೆನ್ನ ಹಿಂದೆ.

“ಮೊದ್ಲ ಸೈಟ್ ತೆರೀತೈತೋ ಇಲ್ಲೋ ನೋಡೂಣು... ತೆರೀತೈತಿ. ಹಂಗಾರ ಕೆಟ್ಟಿಲ್ಲ. ಮಂದಿನ ಹುಡುಕಾಕತ್ತಿಲ್ಲೇನು? ಆಷಾಢದಾಗ ಯಾರೂ ಹುಡುಕಂಗಿಲ್ಲ, ಅದು ಬೀಳೂದು ಅಲ್ಲ. ಅದಕ್ಕ ಹ್ವಾದ ವರ್ಷ ಇದ ವಾರಕ್ಕ ಹಚ್ಚಿ ನೋಡ್ಬೇಕು.” ನೋಡಿದಳು. “ಮಂದಿ ಅಷ್ಟ ಹುಡುಕ್ಯಾರ. ಉಳಿದ ಪ್ರೆಸ್ಸಿನವರು ಇದ್ದಲ್ಲೇ ಅದಾರ. ಅಂದ್ರ ಬಿದ್ದಾವ್ರು ನಾವೊಬ್ರ. ಒಂದು ಪುಟ ಬಿದ್ದೈತೋ, ಎಲ್ಲಾನೂ ಬಿದ್ದಾವೋ?... ಎಲ್ಲಾನೂ.”

ಪರದೆಯ ಮೇಲೆ ಒಂದು ಗೆರೆ ಕಪ್ಪತಗುಡ್ಡದಂತೆ ಏರಿ, ಒಂದು ಕಡೆ ದಡಕ್ಕನೆ ಇಳಿದಿತ್ತು. ವಾಣಿಶ್ರೀ ಅಲ್ಲಿ ಬೆರಳಿಟ್ಟಳು.

“ಗಣಪತಿ ಕಳಿಸಿದ ಮರು ವಾರ. ಆಗ ಸೈಟಿನಾಗ ಯಾರರ ಏನರ ಮಾಡೀರೇನು?”

ಅಂದಪ್ಪನಿಗೆ ಆ ಕ್ಷಣದಲ್ಲಿ ಛಾವಣಿಯ ಫ್ಯಾನಿನ ಮೇಲೆ ವಿಪರೀತ ಆಸಕ್ತಿ ಹುಟ್ಟಿತು.

“ಅಂದಪ್ಪಾ,” ಗುರುರಾಜ ಕನ್ನಡಕ ಜಾರಿಸಿದ, “ಫ್ಯಾನು ನಿಂತದ. ಅದನ್ಯಾಕ ನೋಡ್ಲಿಕತ್ತಿ?”

“ಫೋಟೋ ಹಾಕ್ತೀನಿ ಅಂತ ಪಾಸ್‌ವರ್ಡ್ ಇಸ್ಕೊಂಡಿದ್ರಿ ಮಾವಾರ,” ವಾಣಿಶ್ರೀ ನೆನಪಿಸಿಕೊಂಡಳು. “ಎಷ್ಟು ಫೋಟೋ ಹಾಕಿದ್ರಿ?”

“ಫೋಟೋ... ಹಾಕೂದು ಆಗ್ಲಿಲ್ಲವಾ.”

ಅವಳು ಪುಟದ ತಳಕ್ಕೆ ಹೋದಳು. ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹರಿದು ಹೋಗಿತ್ತು: ‘ಅಸುಂಡಿ ಲಗ್ನಪತ್ರಿಕೆ, ಸಿಂಗಟಾಲೂರು ಲಗ್ನಪತ್ರಿಕೆ, ಬಾಳೆಹೊಸೂರ ಲಗ್ನಪತ್ರಿಕೆ, ಲಕ್ಷ್ಮೇಶ್ವರ ಲಗ್ನಪತ್ರಿಕೆ...’ ಇನ್ನೂರ ಹನ್ನೆರಡು ಊರು. ಪ್ರತಿ ಪುಟದ ತಳದಲ್ಲೂ. ನಲವತ್ತು ವರ್ಷ ಲಗ್ನಪತ್ರಿಕೆ ಹಾಕಿದ ಕೈ ಅದು. ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಅಣ್ಣತಮ್ಮಂದಿರು, ಕಾಕಾ, ಸೋದರಮಾವ, ಮೊಮ್ಮಕ್ಕಳವರೆಗೆ ಒಂದು ಹೆಸರೂ ಬಿಡದೆ ಸೇರಿಸಿ ರೂಢಿ. ಒಂದು ಹೆಸರು ಬಿಟ್ಟರೆ ಒಂದು ಮನೆ ಲಗ್ನಕ್ಕೆ ಬರುವುದಿಲ್ಲ. ವೆಬ್‌ಸೈಟಿನ ತಳ ಖಾಲಿ ಇದ್ದದ್ದು ಕಂಡು ಅಂದಪ್ಪನಿಗೆ ತಡೆಯಲಾಗಿರಲಿಲ್ಲ.

“ಒಂದೂರ ಹಾಕಿ ಒಂದೂರ ಬಿಟ್ರ ಮಂದಿ ಸಿಟ್ಟಾಗಂಗಿಲ್ಲೇನವಾ? ಅದಕ್ಕ ಎಲ್ಲಾ ಹಾಕಿದ್ನಿ.”

“ಕಡೀಕ ದುಬೈ ಲಗ್ನಪತ್ರಿಕೆ ಅಂತ ಐತಲ್ರಿ. ದುಬೈದಾಗ ಯಾರ ಸಿಟ್ಟಾಗಿದ್ರು?”

“ಅದು ಮುಂದಾಲೋಚನಿ.”

ಅಷ್ಟಕ್ಕೇ ಮುಗಿಯಲಿಲ್ಲ. ‘ನಮ್ಮ ಹಿತೈಷಿಗಳು’ ಎಂಬ ಹೊಸ ಪುಟವೊಂದು ಸಿಕ್ಕಿತು. ಅದರಲ್ಲಿ ಮೂವತ್ತೆಂಟು ಜನರ ವೆಬ್‌ಸೈಟುಗಳಿಗೆ ಲಿಂಕು. ಬೋರ್‌ವೆಲ್ ಮೋಟಾರು, ದನದ ಹಿಂಡಿ, ಹಲ್ಲಿನ ದವಾಖಾನೆ, ಬೊಕ್ಕತಲೆಗೆ ಎಣ್ಣೆ. ಎಲ್ಲರೂ ಬಂಧು-ಬೀಗರು. ಅವರೆಲ್ಲರ ಸೈಟಿನಲ್ಲೂ ಅಂದಪ್ಪನ ಹೆಸರು. ಲಗ್ನದಲ್ಲಿ ಇವರು ಅವರಿಗೆ ಸೀರೆ, ಧೋತರ ಆಯೇರಿ ಮಾಡಿದರೆ, ಅವರ ಮನೆಯ ಲಗ್ನದಲ್ಲಿ ಅವರು ಇವರಿಗೆ ತಿರುಗಿ ಮಾಡುವುದಿಲ್ಲವೇ, ಹಾಗೆ. ಅಂದಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ, ನಾ ನಿಮ್ಮನ್ನ ಹಾಕ್ತೀನಿ, ನೀವು ನನ್ನ ಹಾಕ್ರಿ ಎಂದು ಮರ್ಯಾದೆ ಕೊಟ್ಟು ಮರ್ಯಾದೆ ತೆಗೆದುಕೊಂಡಿದ್ದ.

ವಾಣಿಶ್ರೀ ಹಣೆ ಒತ್ತಿಕೊಂಡಳು. “ಮಾವಾರ, ಒಬ್ರ ಸೈಟಿನಾಗಿಂದ ಇನ್ನೊಬ್ರ ಸೈಟಿಗೆ ಲಿಂಕ್ ಕೊಟ್ರ, ಅದು ‘ಇವ್ರು ಛಲೋ ಅದಾರ’ ಅಂತ ಸಾಕ್ಷಿ ಹೇಳಿದಂಗ. ಖರೆ ಮೆಚ್ಚಿ ಹೇಳಿದ್ರ ಅದಕ್ಕ ಬೆಲಿ. ನೀ ನನಗ ಹೇಳು, ನಾ ನಿನಗ ಹೇಳ್ತೀನಿ ಅಂದ್ರ ಅದು ಸಾಕ್ಷಿ ಅಲ್ಲ, ಆಯೇರಿ. ಲಗ್ನಪತ್ರಿಕಿಗೂ ದನದ ಹಿಂಡಿಗೂ ಏನು ಸಂಬಂಧ ಅಂತ ಆ ಹುಡುಕೋ ಯಂತ್ರಕ್ಕೂ ತಿಳೀತೈತಿ. ಊರಿನ ಹೆಸರು ತುರುಕಿದ್ದೂ ಹಂಗ. ಓದಾವ್ರಿಗೆ ಉಪಯೋಗ ಇಲ್ಲ, ಬರೇ ಯಂತ್ರಕ್ಕ ಬೆಣ್ಣಿ ಹಚ್ಚಾಕ. ಇಂಥಾವ್ರನ್ನ ಅದು ಹಿಂದ ಸರಸ್ತೈತಿ.”

“ಅಂದ್ರ ನಾನ ನನ್ನ ಕೆಡವಿದ್ನೇನು?”

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಮುಂಡರಗಿ ಸಾವಕಾರನ ಮಗಗ ಬಿ.ಇ. ಯಾಕ ಹಾಕ್ಲಿಲ್ಲ ನೀವು?”

“ಇರಲಾರದ್ದು ಅಚ್ಚಿನಾಗ ಹೆಂಗ ಹಾಕ್ಲಿ?”

“ದುಬೈ?”

ಅಂದಪ್ಪ ಮತ್ತೆ ಫ್ಯಾನಿನ ಕಡೆ ನೋಡಿದ. ಅದು ಇನ್ನೂ ನಿಂತೇ ಇತ್ತು. ಗುರುರಾಜ ಜೇಬಿನಿಂದ ಕೆಂಪು ಪೆನ್ನು ತೆಗೆದು, ಪರದೆಯ ಮೇಲಿನ ದುಬೈ ಎದುರು ಗಾಳಿಯಲ್ಲೇ ಒಂದು ಗೀಟು ಎಳೆದ.

ಇನ್ನೂರ ಹನ್ನೆರಡು ಊರುಗಳನ್ನು ಅಳಿಸುವುದು ಒಂದು ಗುಂಡಿ ಒತ್ತಿದಷ್ಟೇ ಸುಲಭವಾಯಿತು. ಬೀಗರನ್ನು ಅಳಿಸುವುದಕ್ಕೆ ಗುಂಡಿ ಇರಲಿಲ್ಲ. ಹಾಕಿದ ಹೆಸರು ತೆಗೆಯುವುದೆಂದರೆ ಊಟಕ್ಕೆ ಕೂತವರನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಅಂದಪ್ಪ ಎರಡು ದಿನ ಧೈರ್ಯ ಕೂಡಿಸಿ, ಮೊದಲು ಎಲ್ಲರಿಗಿಂತ ಬಿರುಸಿನವನಾದ ಮಗಳ ಮಾವನಿಗೇ ಫೋನ್ ಮಾಡಿದ. ಅವನು ಬಾಳೆಹೊಸೂರಿನ ಚನ್ನಬಸವಣ್ಣ. ಲಕ್ಷ್ಮೇಶ್ವರದಲ್ಲಿ ಬೋರ್‌ವೆಲ್ ಮೋಟಾರಿನ ಅಂಗಡಿ.

“ಬೀಗರ, ಒಂದು ಮಾತು... ನಿಮ್ಮ ಹೆಸರು ನಮ್ಮ ಸೈಟಿನಿಂದ ತಗೀಬೇಕಾಗೇತ್ರಿ. ನಂದೂ ನೀವು ತಗೀರಿ.”

“ಏನಂದ್ರಿ? ತಲಿಗೆ ಸುತ್ತಿದ ಪಟಗ ಬಿಚ್ಚಿ ಕೊಡ್ರಿ ಅಂದಂಗ ಆತಲ್ರಿ ಇದು! ಏನು ತಪ್ಪು ಮಾಡೇನಿ ನಾ?”

“ನೀವಲ್ರಿ, ನಾ ಮಾಡೇನಿ.” ಅಂದಪ್ಪ ಎಲ್ಲವನ್ನೂ ಹೇಳಿದ. ಆಯೇರಿ, ಸಾಕ್ಷಿ, ಆರನೇ ಪುಟ, ಸೋಡಚೀಟಿ ವಕೀಲ.

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು ಬಂತು. ಸಂಬಂಧವೇ ಕಡಿಯಿತೆಂದು ಅಂದಪ್ಪ ಗೋಡೆ ಹಿಡಿದುಕೊಂಡ.

“ಖರೆ ಹೇಳ್ಲೇನ್ರಿ ಬೀಗರ?” ಚನ್ನಬಸವಣ್ಣನ ದನಿ ಇಳಿದಿತ್ತು. “ನಂದೂ ಬಿದ್ದೈತ್ರಿ. ನಿಮ್ಮಿಂದ ಅಂತ ಹೇಳಾಕ ಸಂಕೋಚ ಆಗಿ ಸುಮ್ನಿದ್ನಿ. ನಿಮ್ಮ ಸೈಟ್ ನೋಡಿ ನನಗ ಫೋನ್ ಮಾಡಿದಾವ ಇಲ್ಲೀತನಕ ಒಬ್ಬನ. ಲಗ್ನಪತ್ರಿಕಿ ಎಷ್ಟು ಫೂಟಿಗೆ ಬೀಳ್ತೈತ್ರಿ ಅಂತ ಕೇಳಿದ.”

ಇಬ್ಬರೂ ನಕ್ಕ ನಗೆಗೆ ಬಾಳೆಹೊಸೂರಿನಿಂದ ಬೆಟಗೇರಿಯವರೆಗಿನ ತಂತಿಯ ಮೇಲೆ ಕೂತ ಹಕ್ಕಿಗಳೆಲ್ಲ ಎದ್ದು ಹಾರಿದವು. ಉಳಿದ ಮೂವತ್ತೇಳು ಕರೆಗಳನ್ನು ಚನ್ನಬಸವಣ್ಣನೇ ಅರ್ಧ ಹಂಚಿಕೊಂಡ.

ತಪ್ಪು ಅಳಿಸಿದ ಮಾತ್ರಕ್ಕೆ ಮರುದಿನವೇ ಮೇಲೇರುವುದಿಲ್ಲ. ಯಂತ್ರ ಮತ್ತೆ ಬಂದು ನೋಡಬೇಕು, ನಂಬಬೇಕು, ತಿಂಗಳುಗಳೇ ಬೇಕಾದಾವು ಎಂದು ವಾಣಿಶ್ರೀ ಮೊದಲೇ ಹೇಳಿದ್ದಳು. ತುಳಸಿ ಲಗ್ನ ಬಂತು, ಹೋಯಿತು. ಗುಜರಿಯವನು ದಿನಾ ಪ್ರೆಸ್ಸಿನ ಮುಂದೆ ಸೈಕಲ್ ನಿಧಾನ ಮಾಡತೊಡಗಿದ. ಅಂಥ ಒಂದು ದಿನ ಹುಬ್ಬಳ್ಳಿ ಕಡೆಯ ಏಜೆಂಟನೊಬ್ಬ ಬಂದ. ಇಸ್ತ್ರಿ ಹೇಗಿತ್ತೆಂದರೆ ಅಂಗಿಯ ಮಡಿಕೆಯಲ್ಲಿ ಕಾಗದ ಕತ್ತರಿಸಬಹುದಿತ್ತು.

“ಏಳು ದಿನದಾಗ ಮೊದಲನೇ ನಂಬರ್ ಸರ್. ಗ್ಯಾರಂಟಿ. ಸಾವಿರ ಲಿಂಕು, ಐನೂರು ರಿವ್ಯೂ, ಎಲ್ಲಾ ಫೈವ್ ಸ್ಟಾರ್.”

ಅಂದಪ್ಪ ಫಕೀರಸಾಬನ ಕಡೆ ನೋಡಿದ. ಅವನು ಆಡದ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಏಳು ದಿನ. ವಾಣಿಶ್ರೀ ಮನೆಯಲ್ಲಿದ್ದಳು. ಯಾರಿಗೂ ತಿಳಿಯುವಂತಿರಲಿಲ್ಲ. ಅಂದಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ಸ್ಯಾಂಪಲ್ ಐತೇನು?” ಎಂದ. ಪ್ರೂಫ್ ನೋಡದೆ ಅಚ್ಚಿಗೆ ಕಳಿಸಿ ಗೊತ್ತಿಲ್ಲದ ಮನುಷ್ಯ.

ಏಜೆಂಟ ಫೋನು ಮುಂದೆ ಹಿಡಿದ. “ನಿಮ್ಮ ಸಲುವಾಗೇ ಬರಸೇನಿ ಸರ್.” ಅಂದಪ್ಪ ಅದನ್ನು ತಲೆಕೆಳಗಾಗಿಯೇ ಓದಿದ: ‘ಅಂದಪ್ಪ ಪ್ರೆಸ್ಸಿನ ಸೇವೆ ಅದ್ಭುತ. ಎಲ್ಲವೂ ಬಿಸಿಬಿಸಿ. ಮಟನ್ ಬಾಯಲ್ಲಿಟ್ಟರೆ ಕರಗುತ್ತದೆ. ಮತ್ತೆ ಮತ್ತೆ ಬರುತ್ತೇವೆ.’

ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದ ಮನೆ ಅಂದಪ್ಪನದು. ಅವನು ಮೊದಲು ನಕ್ಕ. ಫಕೀರಸಾಬನನ್ನೂ ಕರೆದು ಓದಿಸಿದ. ಫಕೀರಸಾಬ ಗಡ್ಡ ತುರಿಸಿಕೊಂಡು, “ಮೂವತ್ತೊಂದು ವರ್ಷದಾಗ ನನಗೊಂದು ತುಂಡೂ ಸಿಗ್ಲಿಲ್ಲಲ್ರಿ ಸಾವ್ಕಾರ್ರ” ಅಂದ. ಅವನು ಸುಗ್ಗಿ ಶುರುವಾದ ಮೇಲೆ ಆಡಿದ ಮೊದಲ ಚೇಷ್ಟೆ ಅದು.

“ಅದು ಹೋಟೆಲ್‌ನವರದು ಮಿಕ್ಸ್ ಆಗೇತಿ ಸರ್, ಬದಲಿ ಮಾಡ್ತೀವಿ,” ಏಜೆಂಟ ಬೆವರಿದ.

“ಏನಂತ ಬದಲಿ ಮಾಡ್ತಿ?”

“ಕಾರ್ಡು ಬಾಯಲ್ಲಿಟ್ಟರೆ... ಅಲ್ಲ, ಕಾರ್ಡು ಛಲೋ ಅದಾವ ಅಂತ.”

“ಅಂದಾವ್ರು ಯಾರು?”

“ಯಾರೂ ಇಲ್ರಿ. ಹೆಸರು ನಾವ ಹಾಕ್ತೀವಿ. ಎಲ್ಲಾರೂ ಹಿಂಗ ಮಾಡಸ್ತಾರ್ರಿ!”

ಅಂದಪ್ಪನ ನಗೆ ನಿಂತಿತು. ಈ ಕೊನೆಯ ಮಾತನ್ನು ಅವನು ಇದೇ ಪ್ರೆಸ್ಸಿನಲ್ಲಿ ನಿಂತು ಮುಂಡರಗಿ ಸಾವಕಾರನ ಬಾಯಲ್ಲಿ ಕೇಳಿದ್ದ. “ಹಂಗಾರ ಎಲ್ಲಾರ ಕಡೆ ಹೋಗಪಾ,” ಅಂದ. “ಬಾಯಿಲೆ ನಾ ದಿನಾ ಐನೂರು ಸುಳ್ಳು ಹೇಳ್ತೀನಿ, ನಿನಕಿಂತ ಛಲೋವು. ಅಚ್ಚಿನಾಗ ಹಾಕಂಗಿಲ್ಲ. ಒಂದ್ಸಲ ದುಬೈ ಹಾಕಿ ಸಾಕಾಗೇತಿ.”

ಸಂಜೆ ಸೊಸೆಗೆ ಇದನ್ನೆಲ್ಲ ತಾನೇ ಒಪ್ಪಿಸಿದ. ಬರಬರುತ್ತ ಏಜೆಂಟನ ಎತ್ತರ ಏಳಡಿಯಾಯಿತು, ರಿವ್ಯೂ ಐದು ಸಾವಿರವಾದವು. ವಾಣಿಶ್ರೀ ಕೇಳಿ ಮುಗಿಸಿ, “ಆ ಬಾಯಿಗೆ ಈಗ ಕೆಲಸಾ ಕೊಡ್ತೀನಿ ಬರ್ರಿ” ಎಂದು ಎದುರಿಗೆ ಕೂಡಿಸಿಕೊಂಡಳು. “ನಲವತ್ತು ವರ್ಷದಾಗ ಮಂದಿ ನಿಮ್ಮನ್ನ ಏನೇನು ಕೇಳ್ಯಾರ, ಅದನ್ನ ಹೇಳ್ರಿ. ಉಪ್ಪು-ಖಾರ ಹಚ್ಚಬ್ಯಾಡ್ರಿ. ನಾ ಬರಕೋತೀನಿ.”

ತೀರಿಕೊಂಡ ಅಜ್ಜನ ಹೆಸರು ಎಲ್ಲಿ ಬರಬೇಕು? ತಾಯಿಯೊಬ್ಬಳೇ ಬೆಳೆಸಿದ ಮಗಳ ಕಾರ್ಡಿನಲ್ಲಿ ಮೊದಲ ಹೆಸರು ಯಾರದು? ಅಂದಪ್ಪ ಹೇಳುತ್ತ ಹೋದ. ಮಾತು ಬಿಟ್ಟ ಇಬ್ಬರು ಕಾಕಾಂದಿರ ಹೆಸರು ಹಾಕುವುದು ಹೇಗೆ? ಮೇಲೆ ಕೆಳಗೆ ಹಾಕಬಾರದು, ಕೆಳಗಾದವನು ಬರುವುದಿಲ್ಲ. ಒಂದೇ ಸಾಲಿನಲ್ಲಿ ಹಾಕಿ ನಡುವೆ ಒಂದು ಹೂವಿನ ಚಿತ್ರ ಇಡಬೇಕು. ಹೂವು ದೊಡ್ಡದಿದ್ದಷ್ಟೂ ಇಬ್ಬರಿಗೂ ಸಮಾಧಾನ. ಈ ಬರಹಗಳನ್ನು ಮಂದಿ ತಾವಾಗಿಯೇ ಒಬ್ಬರಿಗೊಬ್ಬರು ಕಳಿಸಿದರು. ರಾಣೆಬೆನ್ನೂರಿನ ಯಾವುದೋ ಕಲ್ಯಾಣ ಮಂಟಪದವರು, ಇವರು ಕೇಳದೆಯೇ, ‘ಕಾರ್ಡು ಬರೆಸುವ ಮೊದಲು ಇದನ್ನು ಓದಿ’ ಎಂದು ತಮ್ಮ ಸೈಟಿನಲ್ಲಿ ಲಿಂಕು ಕೊಟ್ಟರು. ಆಯೇರಿ ಅಲ್ಲದ ಮೊದಲ ಸಾಕ್ಷಿ ಅದು.

ರಿವ್ಯೂವನ್ನು ಖರೆ ಗಿರಾಕಿಗಳಿಗೇ ಕೇಳಿದರು. ಇದ್ದದ್ದು ಇದ್ದಂತೆ ಬರೆಯಿರಿ ಎಂದು ಮಾತ್ರ. ಮೊದಲು ಬರೆದವಳು ಹಿಂದೆ ಕಾರ್ಡು ಹಾಕಿಸಿದ್ದ ಶಿರಹಟ್ಟಿಯ ರೋಶನಬಿ:

‘ಮಗಳು ಸಾಯಿಮಾಳ ನಿಕಾಹ್ ಕಾರ್ಡಿನಲ್ಲಿ ವಾರ ತಪ್ಪಾಗಿ ಬಂದಿತ್ತು. ಹೇಳಿದ ದಿನವೇ ಹೊಸದಾಗಿ ಮುನ್ನೂರು ಕಾರ್ಡು ಹಾಕಿ, ಅಂದಪ್ಪಣ್ಣ ತಾವೇ ಬಸ್ ಹತ್ತಿ ಬಂದು ಕೊಟ್ಟರು. ಹಳೇ ಗಂಟು ಹೊತ್ತುಕೊಂಡು ಹೋದರು. ಕೆಲಸ ಪಕ್ಕಾ. ಮಾತು ವಿಪರೀತ. ಅದಕ್ಕೆ ಒಂದು ಸ್ಟಾರ್ ಕಡಿಮೆ.’

ಅಂದಪ್ಪ ಒದ್ದಾಡಿದ. “ವಾರ ತಪ್ಪಿದ್ದು ಯಾಕ ಬೇಕಿತ್ತವಾ? ಅದೊಂದು ತಗಿಸು.”

“ಪ್ರೂಫ್ ನೋಡಿದಾವ ನಾನು,” ಗುರುರಾಜ ತಣ್ಣಗೆ ಅಂದ. “ತಪ್ಪು ನಂದು. ಇರಲಿ ಬಿಡು.”

ಇಟ್ಟರು. ಭಾರತ ಹುಣ್ಣಿಮೆ ಕಳೆದ ಮೇಲೆ ಒಂದು ಮುಂಜಾನೆ ಫೋನು ಬಂತು. ಸಾಲದ ಕಂಪನಿ ಎಂದುಕೊಂಡು ಅಂದಪ್ಪ ಆರಾಮಾಗಿ ಕಾಲು ಚಾಚಿ ಎತ್ತಿಕೊಂಡ.

“ತಪ್ಪಾದ್ರ ಬಸ್ ಹತ್ತಿ ಬರೋ ಅಂದಪ್ಪ ಅವ್ರು ಇವ್ರ ಏನ್ರಿ?”

“ಹೌದ್ರಿ... ಯಾರು?”

“ನಾ ಸುಶ್ಮಿತಾ ಅಂತ, ಸಿಂಗಟಾಲೂರಿನಾಕಿ. ನನ್ನ ಲಗ್ನಕ್ಕ ಆರನೂರು ಕಾರ್ಡು ಬೇಕಾಗ್ಯಾವ್ರಿ, ಮೊಳಿ ಒತ್ತಿದ್ದು. ನಮ್ಮ ಮನ್ಯಾಗೂ ಇಬ್ರು ಕಾಕಾ ಮಾತಾಡಂಗಿಲ್ರಿ. ಆ ಹೂವು ಎಷ್ಟು ದೊಡ್ಡದು ಮಾಡಾಕ ಬರ್ತೈತಿ?”

“ನಿಮ್ಮ ಕಾಕಾಂದಿರ ಸಿಟ್ಟಿನಷ್ಟ ದೊಡ್ಡದು ಮಾಡ್ತೀವವಾ. ಬೇಕಾದ್ರ ಸೂರ್ಯಕಾಂತಿ ಹೊಲಾನ ಹಾಕ್ತೀವಿ!”

ಹನ್ನೊಂದು ಗಂಟೆಗೆ ಇನ್ನೊಂದು ಕರೆ. ಮಧ್ಯಾಹ್ನ ಎರಡು. ಮರುದಿನ ಫಕೀರಸಾಬ ಅಂಗಿಯ ತೋಳು ಮೇಲೆ ಮಡಿಚಿ ನಿಂತ. ಟ್ರೆಡಲ್ ಒಮ್ಮೆ ಕೆಮ್ಮಿತು, ಎರಡು ಸಲ ಗೊಣಗಿತು, ಆಮೇಲೆ ತನ್ನ ಹಳೇ ತಾಳಕ್ಕೆ ಬಂತು. ಒಳಗಿನಿಂದ ಸಿದ್ದಲಿಂಗವ್ವ ರೊಟ್ಟಿ ಬಡಿಯುತ್ತ ಅದೇ ತಾಳ ಹಿಡಿದಳು. ಮುಳಗುಂದದಲ್ಲಿ ಎಮ್ಮೆಗಳು ಏನು ಮಾಡಿದವೋ ಗೊತ್ತಿಲ್ಲ. ಬಾಗಿಲಲ್ಲಿ ಸೈಕಲ್ ನಿಧಾನ ಮಾಡಿದ್ದ ಗುಜರಿಯವನು ಮಾತ್ರ ಒಳಗೊಮ್ಮೆ ನೋಡಿ, ಪೆಡಲ್ ಜೋರಾಗಿ ತುಳಿದು ಹೋದ. ಅಂದಪ್ಪ ಮಷಿನ್ನಿನ ಸದ್ದಿಗೆ ಮರೆಯಾಗಿ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ. ಸೆಕೆ ಭಾಳ ಎಂದು ಹೇಳಿದ. ಅದು ಮಾಘ ಮಾಸ.

ಚಹಾ ಬಂತು. ಗುರುರಾಜ ಸುಶ್ಮಿತಾಳ ಕಾರ್ಡಿನ ಪ್ರೂಫ್ ತಿದ್ದಿ ಮುಗಿಸಿ, ವಾರವನ್ನು ಮೂರು ಸಲ ಪಂಚಾಂಗಕ್ಕೆ ಹಚ್ಚಿ ನೋಡಿ, ತನ್ನ ಫೋನು ತೆಗೆದು ಹುಡುಕಿದ. ಕನ್ನಡಕ ಮೂಗಿನ ತುದಿಗೆ ಜಾರಿತು.

“ಅಂದಪ್ಪಾ, ಮೊದಲನೇ ಪುಟಕ್ಕ ಬಂದಿ ನೋಡೋ.”

“ಗೊತ್ತೈತಿ.”

“ಆದರ ಮೂರನೇ ನಂಬರ್ ಇದ್ದಿ. ಮೊದ್ಲ ನಾ, ಆಮ್ಯಾಲೆ ವಧು-ವರ ಅಂತ ಊರೆಲ್ಲಾ ಡಂಗುರಾ ಸಾರಿದ್ದೆಲ್ಲಾ? ಆ ಗಿಳಿಗೆ ಈಗ ಏನಂತ ಹೇಳ್ತಿ?”

ಅಂದಪ್ಪ ಬಸಿಯಲ್ಲಿದ್ದ ಚಹಾ ಸೊರ್ರೆಂದು ಕುಡಿದು ಮುಗಿಸಿ, ಗೆಳೆಯನ ಜೇಬಿನಿಂದ ಕೆಂಪು ಪೆನ್ನು ತಾನೇ ತೆಗೆದುಕೊಂಡ.

“ನೀನ ಹೇಳ್ತಿದ್ದೆಲ್ಲಾ ಮಾಸ್ತರಾ, ಹೆಸರಿನ ಕ್ರಮ ತಪ್ಪೈತಿ ಅಂತ? ಮೊದ್ಲ ವಧು, ಆಮ್ಯಾಲೆ ವರ, ಮೂರನೇದು ನಾ. ಪ್ರೂಫ್ ಈಗ ಸರಿ ಆಗೇತಿ. ಸಹಿ ಮಾಡು!”